ಆಜಿ ಕನ್ನಡ ಮರೆತ ರಾತ್ರಿ

ಕಳೆದ ಮಳೆಗಾಲದಲ್ಲಿ ನಮ್ಮ ಆಜಿ ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಬೇಕು ಎಂದರು. ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಹಾಗೆ, ದೊಡ್ಡ ಆಪರೇಷನ್ ಎಂದರೆ ಆಂಬುಲೆನ್ಸ್ ಮಾಡಿಕೊಂಡು ಜಿಲ್ಲೆ ದಾಟಬೇಕು. ಹಟ್ಟಿಕೇರಿಯಿಂದ ರಾತ್ರೋರಾತ್ರಿ ಹೊರಟು ದೂರದ ಊರಿನ ಆಸ್ಪತ್ರೆ ಸೇರಿದೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ರಾತ್ರಿ ಹೆಂಗಸರ ವಾರ್ಡಿನಲ್ಲಿ ಆಜಿಯ ಹತ್ತಿರ ವೈನಿ ಇದ್ದಳು. ಒಬ್ಬರಿಗೆ ಮಾತ್ರ ಒಳಗೆ ಇರಲು ಬಿಡುತ್ತಾರಲ್ಲ, ನಾವಿಬ್ಬರು, ಅಕ್ಕ ಮತ್ತು ತಮ್ಮ, ಕೆಳಗಿನ ಬೆಂಚಿನ ಮೇಲೆ ಮಲಗಿದ್ದೆವು. ವೈನಿ ಘಟ್ಟದ ಮೇಲಿನವಳು, ಕನ್ನಡದ ಮನೆಯವಳು. ಅಣ್ಣನ ಸಂಸಾರ ಬೆಂಗಳೂರು ಬಿಟ್ಟು ಊರಿಗೆ ಬಂದು ಆಗ ಆರೇ ತಿಂಗಳಾಗಿತ್ತು.

ರಾತ್ರಿ ಎರಡು ಗಂಟೆ ಸುಮಾರಿಗೆ ಆಜಿ ನರಳಲು ಶುರು ಮಾಡಿದಳಂತೆ. ‘ದುಕ್ತಾ ಗೋ, ದುಕ್ತಾ’ ಎಂದು ಅಳುತ್ತಿದ್ದಳಂತೆ. ವೈನಿಗೆ ಅದು ದುಃಖ ಎಂದು ಕೇಳಿಸಿತು. ‘ದುಃಖ ಮಾಡ್ಕೋಬೇಡಿ ಆಜಿ, ಇನ್ನೆರಡು ದಿನಕ್ಕೆ ಮನೆಗೆ ಹೋಗೋಣ’ ಎಂದು ಕೈ ಹಿಡಿದು ಕೂತಳು. ನರ್ಸ್ ಬಾಯಿಯೂ ಬಂದು ತಲೆ ನೇವರಿಸಿ, ಮನೆ ನೆನಪಾಗಿದೆ ಪಾಪ ಎಂದರು. ‘ಎಲ್ಲಾದರೂ ನೋವಿದೆಯಾ ಅಜ್ಜಿ?’ ಎಂದು ಕನ್ನಡದಲ್ಲಿ ಕೇಳಿದರೆ ಆಜಿ ಸುಮ್ಮನೆ ಮುಖ ನೋಡಿದಳಂತೆ. ಬೆಳಗಿನವರೆಗೆ ಇಬ್ಬರೂ ಆಜಿಯನ್ನು ಸಮಾಧಾನ ಮಾಡಿದ್ದಾರೆ.

ಬೆಳಿಗ್ಗೆ ಆರಕ್ಕೆ ನಾವು ಮೇಲೆ ಹೋದಾಗಲೂ ಅದೇ ಮಾತು. ನಮ್ಮ ಕೊಂಕಣಿಯಲ್ಲಿ ‘ದುಕ್ತಾ’ ಎಂದರೆ ನೋಯುತ್ತಿದೆ ಎಂದು. ನರ್ಸಿಗೆ ಹೇಳಿದೆವು, ನೋವಿನ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷದಲ್ಲಿ ಆಜಿ ನಿದ್ದೆ ಹೋದಳು. ವೈನಿ ವರಾಂಡಕ್ಕೆ ಬಂದು ಅತ್ತಳು. ಅವಳ ತಪ್ಪೇನೂ ಇರಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಕೆಲವೊಮ್ಮೆ ಗಲಿಬಿಲಿ ಆಗುತ್ತದೆ, ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಎಳವೆಯ ಭಾಷೆಯೇ ಬಾಯಿಗೆ ಬರುವುದುಂಟು.

ಅರವತ್ತು ವರ್ಷ ಕನ್ನಡ ಆಡಿದ ಆಜಿಗೆ ಆ ರಾತ್ರಿ ಒಂದು ಕನ್ನಡ ಪದವೂ ಸಿಗಲಿಲ್ಲ.

ಭಾಷೆ ಉಳಿಸಬೇಕು ಎಂದು ಭಾಷಣ ಮಾಡುವವರನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಪತ್ರಿಕೋದ್ಯಮ ಓದುವಾಗ ಅಂಥ ಕಾರ್ಯಕ್ರಮಗಳ ವರದಿಯನ್ನೂ ಬರೆದಿದ್ದೇವೆ. ಸತ್ಯ ಹೇಳಬೇಕೆಂದರೆ ಅದೆಲ್ಲ ನಮ್ಮ ಮನೆಯ ವಿಷಯ ಎಂದು ಅನಿಸಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮನೆಯಲ್ಲಿ ಈ ಬಗ್ಗೆ ಮಾತಾಯಿತು. ಮಾತು ಜಗಳವೂ ಆಯಿತು.

ನಾವು ಹೇಳಿದ್ದು, ‘ಪುಟ್ಟಿಯ ಜೊತೆ ಇನ್ನು ಮೇಲೆ ಕೊಂಕಣಿಯಲ್ಲಿ ಮಾತಾಡೋಣ’ ಎಂದು. ಪುಟ್ಟಿ ಅಣ್ಣನ ಮಗಳು, ಐದು ವರ್ಷ. ಅವಳಿಗೆ ಕನ್ನಡ ಬರುತ್ತದೆ, ಶಾಲೆಯ ಇಂಗ್ಲಿಷ್ ಬರುತ್ತದೆ, ಕಾರ್ಟೂನಿನ ಹಿಂದಿ ಬರುತ್ತದೆ. ಕೊಂಕಣಿ ಬರುವುದಿಲ್ಲ.

ಅಣ್ಣ ನಕ್ಕ. ‘ಉಳಿಸಿ ಎಂತ ಮಾಡ್ತೀರಿ? ನೌಕಾನೆಲೆಯ ಗುತ್ತಿಗೆ ಕೆಲಸಕ್ಕೆ ಹಿಂದಿ ಬೇಕು. ಬೆಂಗಳೂರಿಗೆ ಇಂಗ್ಲಿಷ್ ಬೇಕು. ಸರ್ಕಾರಿ ಪರೀಕ್ಷೆಗೆ ಕನ್ನಡ ಬೇಕು. ನಿಮ್ಮ ಕೊಂಕಣಿ ಎಲ್ಲಿ ಬೇಕು ಹೇಳಿ.’

ಆಯಿ ಹೇಳಿದ್ದು ಇನ್ನೂ ಗಟ್ಟಿಯಾದ ಮಾತು. ಅವಳು ಶಾಲೆಗೆ ಹೋಗುವಾಗ ‘ಮೀನು ಮಾರುವವರ ಭಾಷೆ’ ಎಂದು ಹುಡುಗರು ನಗುತ್ತಿದ್ದರಂತೆ. ಎದ್ದು ನಿಂತು ಪಾಠ ಓದಿದರೆ ರಾಗ ತೆಗೆದು ಅಣಕಿಸುತ್ತಿದ್ದರಂತೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟಳು. ‘ನಿಮಗೆ ಹಾಗೆ ಆಗಬಾರದು ಎಂದು ನಾನೇ ನಿಮ್ಮ ಹತ್ತಿರ ಕನ್ನಡ ಆಡಿದೆ. ಈಗ ಕಾಲೇಜು ಕಲಿತು ಬಂದು ನನಗೇ ಹೇಳ್ತೀರಲ್ಲ’ ಎಂದಳು. ನಮಗೆ ಕೊಂಕಣಿ ಅರ್ಥವಾಗುತ್ತದೆ, ಆದರೆ ಆಡುವಾಗ ತಡವರಿಸುತ್ತೇವೆ. ಅದು ಯಾಕೆ ಎಂದು ಅವತ್ತು ತಿಳಿಯಿತು.

ಆಯಿಯ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಭಾಷೆ ಉಳಿಸಿ ಎಂದು ಬಡವರಿಗೆ ಹೇಳುವುದು ಸುಲಭ. ಹೇಳುವವರ ಮಕ್ಕಳು ಬೇರೆ ಶಾಲೆಯಲ್ಲಿ ಇರುತ್ತಾರೆ. ಮಕ್ಕಳು ನಗೆಪಾಟಲಾಗಬಾರದು ಎಂದು ಒಬ್ಬ ತಾಯಿ ತನ್ನ ಮಾತು ಬಿಟ್ಟಿದ್ದನ್ನು ತಪ್ಪು ಎನ್ನಲು ನಾವು ಯಾರು?

ಆದರೆ ಅಣ್ಣನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಅಂಕೋಲಾದಿಂದ ಕಾರವಾರದ ಬಸ್ಸು ಹತ್ತಿ, ಕಾಳಿ ನದಿ ದಾಟಿ, ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿ 1987ರಲ್ಲಿ ಕೊಂಕಣಿ ರಾಜ್ಯದ ಅಧಿಕೃತ ಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಸೇರಿತು. ಗೋವಾದ ಸರ್ಕಾರಿ ನೌಕರಿಗೆ ಕೊಂಕಣಿ ಗೊತ್ತಿರಬೇಕು. ಅಂದರೆ ಗಡಿಯ ಆಚೆ ಸಂಬಳ ತರುವ ಭಾಷೆಗೆ ಗಡಿಯ ಈಚೆ ಆಯಿ ನಗೆ ತಿಂದಳು. ಆಜಿಯ ಕೊಂಕಣಿಗೂ ಪಣಜಿಯ ಕೊಂಕಣಿಗೂ ರಾಗದಲ್ಲಿ, ಪದಗಳಲ್ಲಿ ವ್ಯತ್ಯಾಸ ಇದೆ, ನಿಜ. ಆದರೂ ಭಾಷೆಯ ಒಳಗೇ ಬೆಲೆ ಇರುವುದಾದರೆ ಒಂದು ಚೆಕ್‌ಪೋಸ್ಟ್ ದಾಟಿದ ಕೂಡಲೇ ಬದಲಾಗಬಾರದಿತ್ತು. ಆಡುವವರ ಕೈಯಲ್ಲಿ ಏನಿದೆ ಎಂದು ನೋಡಿ ಜನ ಭಾಷೆಗೆ ಬೆಲೆ ಕಟ್ಟುತ್ತಾರೆ. ಹುಡುಗರು ನಕ್ಕಿದ್ದು ಮೀನಿನ ಬುಟ್ಟಿಗೆ.

ಹಾಗಂತ ಸರ್ಕಾರದ ಮಾನ್ಯತೆ ಸಿಕ್ಕರೆ ಭಾಷೆ ಉಳಿಯುತ್ತದೆ ಎಂದೂ ಅಲ್ಲ. 2001ರ ಜನಗಣತಿಯಲ್ಲಿ ದೇಶದಲ್ಲಿ ಕೊಂಕಣಿ ಮಾತೃಭಾಷೆಯವರು 24.89 ಲಕ್ಷ. 2011ರಲ್ಲಿ 22.56 ಲಕ್ಷ. ದೇಶದ ಜನಸಂಖ್ಯೆ ಏರಿದ ಅದೇ ಹತ್ತು ವರ್ಷದಲ್ಲಿ ಇವರ ಸಂಖ್ಯೆ ಇಳಿಯಿತು. ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಹೀಗೆ ಇಳಿದದ್ದು ಕೊಂಕಣಿ ಮತ್ತು ಉರ್ದು ಮಾತ್ರ. ನಮ್ಮ ರಾಜ್ಯದಲ್ಲಿ 1994ರಿಂದ ಕೊಂಕಣಿ ಸಾಹಿತ್ಯ ಅಕಾಡೆಮಿ ಇದೆ. ಶಾಲೆಯಲ್ಲಿ ಮೂರನೇ ಭಾಷೆಯಾಗಿ ಆಯ್ದುಕೊಳ್ಳುವ ಅವಕಾಶವೂ ಬಂತು. ಎಲ್ಲ ಇದ್ದೂ ಇಳಿಯಿತು.

ಹೇಗೆ ಇಳಿಯುತ್ತದೆ ಎಂಬುದು ನಮ್ಮ ಮನೆಯಲ್ಲೇ ಗೊತ್ತಾಗುತ್ತದೆ. ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಎಳವೆಯಲ್ಲಿ ತಾಯಿ ಮಗುವಿನ ಹತ್ತಿರ ಆಡಿದ ಭಾಷೆ. ಆಜಿಯ ಹೆಸರಿನ ಮುಂದೆ ಕೊಂಕಣಿ. ಆಯಿಯ ಮುಂದೆಯೂ ಕೊಂಕಣಿ. ನಮ್ಮ ಮುಂದೆ ಏನು ಬರೆಯಬೇಕು? ಆಯಿ ನಮ್ಮ ಹತ್ತಿರ ಆಡಿದ್ದು ಕನ್ನಡ. ಪುಟ್ಟಿಯದಂತೂ ಕನ್ನಡವೇ, ಅದರಲ್ಲಿ ಸುಳ್ಳೂ ಇಲ್ಲ, ಬೇಜಾರೂ ಇಲ್ಲ. ಒಂದೇ ರೇಷನ್ ಕಾರ್ಡಿನಲ್ಲಿ ಮೇಲಿನಿಂದ ಕೆಳಕ್ಕೆ ಓದುತ್ತಾ ಬಂದರೆ ಎರಡನೇ ಹೆಸರಿಗೇ ಒಂದು ಭಾಷೆ ಮುಗಿಯುತ್ತದೆ.

ಕೊಂಕಣಿಗಾದರೂ ಲೆಕ್ಕ ಇದೆ. ನಮ್ಮ ಕೇರಿಯಾಚೆಯ ಹಾಲಕ್ಕಿ ಗೆಳತಿಗೆ ಅದೂ ಇಲ್ಲ. ಹಾಲಕ್ಕಿ ಒಕ್ಕಲಿಗರು ಮನೆಯಲ್ಲಿ ಆಡುವ ಕನ್ನಡಕ್ಕೆ ತನ್ನದೇ ರಾಗ, ತನ್ನದೇ ಪದಗಳಿವೆ. ಭಾಷಾ ವಿಜ್ಞಾನಿಗಳು ಅದನ್ನು ಬೇರೆಯಾಗಿಯೇ ಕೂತು ಅಭ್ಯಾಸ ಮಾಡಿದ್ದಾರೆ. ಜನಗಣತಿಯಲ್ಲಿ ಮಾತ್ರ ಅದು ಕನ್ನಡದ ಒಳಗೇ ಸೇರಿಹೋಗುತ್ತದೆ. ಎಣಿಸದೇ ಇದ್ದದ್ದು ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಹಾಸ್ಟೆಲಿನ ಗೇಟಿನ ಒಳಗೆ ಒಂದು ಮಾತು, ಬಸ್ಸಿಳಿದು ಕೊಪ್ಪಕ್ಕೆ ಬಂದ ಮೇಲೆ ಒಂದು ಮಾತು ಎಂದು ಅವಳು ಹೇಳುತ್ತಿದ್ದಳು. ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಮಗುವಿನ ಹತ್ತಿರ ಯಾವ ಮಾತು ಆಡುತ್ತೀ ಎಂದು ಫೋನಿನಲ್ಲಿ ಕೇಳಿದೆವು. ‘ಪುಸ್ತಕದ್ದು’ ಎಂದಳು.

ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಈ ತಾಲೂಕಿನಲ್ಲಿ ಯಾರು ತಿಳಿಯದವರು? ಅಕ್ಷರ ಕಲಿಯದೆ ಸಾವಿರಾರು ಹಾಡು ಬಾಯಲ್ಲಿ ಇಟ್ಟುಕೊಂಡವರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮೊದಲು, 2024ರ ಡಿಸೆಂಬರಿನಲ್ಲಿ, ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಕಾಡಿನ ಗಿಡಮರಗಳ ವಿಶ್ವಕೋಶ ಎಂದು ಕರೆಸಿಕೊಂಡವರು. ಇಬ್ಬರೂ ಹೋದಾಗ ನಮ್ಮ ಸ್ಟೇಟಸ್ಸುಗಳೆಲ್ಲ ಅವರ ಫೋಟೋದಿಂದ ತುಂಬಿದವು. ಅವರ ಮಾತಿನ ರಾಗ ತರಗತಿಯಲ್ಲಿ ಒಬ್ಬ ಹುಡುಗಿಯ ಬಾಯಲ್ಲಿ ಬಂದರೆ ನಾವೇ ನಗುತ್ತಿದ್ದೆವು. ಹೌದು, ನಾವೂ ನಕ್ಕಿದ್ದೇವೆ. ಆಯಿಯನ್ನು ನೋಡಿ ನಕ್ಕ ಹುಡುಗರಿಗೂ ನಮಗೂ ಹೆಚ್ಚಿನ ವ್ಯತ್ಯಾಸ ಇಲ್ಲ.

ರೆಕಾರ್ಡ್ ಮಾಡಿ ಇಟ್ಟರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ನಾವೂ ಮೊಬೈಲಿನಲ್ಲಿ ಆಜಿಯ ಮಾತು ಹಿಡಿದಿದ್ದೇವೆ. ಅದು ಒಳ್ಳೆಯ ಕೆಲಸವೇ. ಡಿ. ಎನ್. ಶಂಕರ ಭಟ್ಟರು 1971ರಷ್ಟು ಹಿಂದೆಯೇ ಕೊರಗ ಭಾಷೆಯ ಬಗ್ಗೆ ಪುಸ್ತಕ ಬರೆದರು. ಪುಸ್ತಕ ಉಳಿದಿದೆ. ಕೊರಗರ ಹೆಚ್ಚಿನ ಮನೆಗಳಲ್ಲಿ ಇವತ್ತು ಕೇಳುವುದು ತುಳು. ಅಂಡಮಾನಿನ ‘ಬೋ’ ಭಾಷೆಯನ್ನು ಬಲ್ಲ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಅವರ ದನಿಯ ಧ್ವನಿಮುದ್ರಣ ಇದೆ. ಆದರೆ ಬದುಕಿನ ಕೊನೆಯ ಎಷ್ಟೋ ವರ್ಷ ಆ ಭಾಷೆಯಲ್ಲಿ ಅವರ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ರೆಕಾರ್ಡಿಂಗ್ ಮುಂದೆ ಓದುವವರಿಗೆ ಬೇಕು. ನೋವು ಹೇಳಿಕೊಳ್ಳುವ ಮುದುಕಿಗೆ ಅದು ‘ಎಲ್ಲಿ ನೋಯ್ತದೆ?’ ಎಂದು ತಿರುಗಿ ಕೇಳುವುದಿಲ್ಲ.

ಭಾಷೆ ಹೋದರೆ ಅದರಲ್ಲಿರುವ ಜ್ಞಾನ ಹೋಗುತ್ತದೆ ಎಂಬ ವಾದವೂ ಇದೆ. ನಾವು ಇದನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಬಾಂಗ್ಡೊ ಎಂದರೂ ಬಂಗಡೆ ಎಂದರೂ ಸಾರಿನ ರುಚಿ ಒಂದೇ. ಸುಂಗಟಾಂ ಎನ್ನುವುದು ಬಿಟ್ಟು ಸಿಗಡಿ ಎಂದರೂ ಬಲೆಗೆ ಬೀಳುವುದು ಬೀಳುತ್ತದೆ. ಯಾವ ಗಾಳಿಗೆ ಯಾವ ಮೀನು ಎಂಬುದನ್ನು ಕನ್ನಡದಲ್ಲೂ ಹೇಳಿಕೊಡಬಹುದು. ನಮ್ಮ ಕಾಡಿನ ಸಿದ್ದಿ ಜನರ ಹಿರಿಯರು ಆಫ್ರಿಕದಿಂದ ಬಂದವರು. ಅವರ ಮೂಲ ಭಾಷೆಗಳು ಹೋಗಿ ತಲೆಮಾರುಗಳೇ ಆದವು. ಇವತ್ತು ಅವರು ಕೊಂಕಣಿ, ಕನ್ನಡ ಆಡುತ್ತಾರೆ. ಅವರ ಕುಣಿತ ಇದೆ, ಬದುಕು ಇದೆ. ಭಾಷೆ ಹೋದರೆ ಜನ ಮುಗಿದೇ ಹೋಗುತ್ತಾರೆ ಎನ್ನುವುದು ಸುಳ್ಳು. ಆದರೆ ಆ ಭಾಷೆ ಅವರು ಬೇಡವೆಂದು ಬಿಟ್ಟದ್ದಲ್ಲ. ಗುಲಾಮರನ್ನಾಗಿ ಹಿಡಿದು ತಂದು ಚೆದುರಿಸಿದ ಮೇಲೆ ಉಳಿಸಿಕೊಳ್ಳಲು ಆಗದೇ ಹೋದದ್ದು.

ಚೆದುರುವುದು ಎಂದಾಗ ನಮ್ಮ ಕರಾವಳಿಗೂ ಒಂದು ನೆನಪಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಕದಂಬ ನೆಲೆ ಶುರುವಾಯಿತು. ನಡುವೆ ಕಾರವಾರ, ಅಂಕೋಲಾದ ಸಮುದ್ರದಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಎದ್ದು ಬೇರೆ ಬೇರೆ ಕಡೆ ಹೋದವು. ಆಜಿಯ ತವರಿನವರೂ ಅದರಲ್ಲಿ ಇದ್ದರು. ಪರಿಹಾರದ ಲೆಕ್ಕದಲ್ಲಿ ಮನೆ, ಗದ್ದೆ, ತೆಂಗಿನಮರ ಬರುತ್ತವೆ. ಬಾವಿಕಟ್ಟೆಯಲ್ಲಿ ಒಂದೇ ಮಾತು ಆಡುವ ಹತ್ತು ಮನೆ ಬರುವುದಿಲ್ಲ. ಮೊದಲು ತವರಿಗೆ ಹೋದರೆ ಆಜಿ ಎಂಟು ದಿನ ಕೊಂಕಣಿಯಲ್ಲೇ ಇದ್ದು ಬರುತ್ತಿದ್ದಳಂತೆ. ಆಮೇಲೆ ಹೋಗಲು ಊರೇ ಇರಲಿಲ್ಲ.

ಕೊಂಕಣಿ ಎಂದ ಕೂಡಲೇ ನಮ್ಮ ಕಡೆ ಕೆಲವರಿಗೆ ಗಡಿ ತಂಟೆ ನೆನಪಾಗುತ್ತದೆ. ಕಾರವಾರವನ್ನು ಮಹಾರಾಷ್ಟ್ರ ಕೇಳಿತ್ತು, ಮಹಾಜನ ಆಯೋಗ ಅದನ್ನು ಇಲ್ಲೇ ಉಳಿಸಿತು. ಮನೆಯಲ್ಲಿ ಬೇರೆ ಮಾತು ಆಡಿದರೆ ಕನ್ನಡಕ್ಕೆ ಕಡಿಮೆ ಆಗುತ್ತದೆಯೇ? ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ನಮ್ಮದೇ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರ ಮನೆಯಲ್ಲಿ ಕೊಂಕಣಿ. ಗೋಕರ್ಣದ ಗೌರೀಶ ಕಾಯ್ಕಿಣಿಯವರು ಎರಡರಲ್ಲೂ ಬರೆದರು. ಕನ್ನಡ ಇವರನ್ನೆಲ್ಲ ಮನೆಮಾತು ಬಿಟ್ಟು ಬಾ ಎಂದು ಕೇಳಲಿಲ್ಲ.

ಅಷ್ಟು ದೂರ ಯಾಕೆ, ಆಜಿಯೇ ಸಾಕ್ಷಿ. ಮೀನಿನ ಬುಟ್ಟಿ ಹೊತ್ತು ಗದ್ದೆ ಬಯಲು ದಾಟಿ ಒಳಗಿನ ಹಳ್ಳಿಗಳಿಗೆ ಹೋಗುತ್ತಿದ್ದಳು. ಹಾಲಕ್ಕಿ ಕೊಪ್ಪದಲ್ಲಿ ಅವರ ಕನ್ನಡ, ನಾಡವರ ಮನೆಯಲ್ಲಿ ಅವರ ಕನ್ನಡ, ಪೇಟೆಯಲ್ಲಿ ಪೇಟೆಯ ಕನ್ನಡ. ಸಂಜೆ ಮನೆಗೆ ಬಂದು ಕೊಂಕಣಿ. ಒಂದು ಅಕ್ಷರ ಓದಲು ಬಾರದ ಅವಳ ತಲೆಯಲ್ಲಿ ಇಷ್ಟಕ್ಕೆ ಜಾಗ ಇತ್ತು. ಪುಟ್ಟಿಯ ತಲೆಯಲ್ಲಿ ಇನ್ನೊಂದಕ್ಕೆ ಜಾಗ ಇಲ್ಲ ಎಂದು ನಾವು ನಂಬಿದ್ದು ಹೇಗೆ?

ಹಾಗಾದರೆ ಅಳಿಯುವ ಭಾಷೆ ಉಳಿಸಬೇಕೇ? ನಾವು ಈಗ ಹೇಳುವುದು ಇಷ್ಟೇ. ಒಂದು ಮನೆಯಲ್ಲಿ ಆ ಭಾಷೆಯಲ್ಲಿ ಮಾತ್ರ ನೋವು ಹೇಳಿಕೊಳ್ಳಬಲ್ಲವರು ಒಬ್ಬರು ಇರುವ ತನಕ, ಅದನ್ನು ತಿಳಿದವರು ಇನ್ನೊಬ್ಬರು ಆ ಮನೆಯಲ್ಲಿ ಇರಬೇಕು. ಸಂಸ್ಕೃತಿ, ಪರಂಪರೆ ಎಲ್ಲ ಆಮೇಲೆ. ಇವತ್ತು ಆಜಿ. ನಾಳೆ ಆಯಿ. ಮಕ್ಕಳಿಗಾಗಿ ಆಯಿ ಕೊಂಕಣಿ ಬಿಟ್ಟಳು, ಆದರೆ ಎಂಬತ್ತರ ವಯಸ್ಸಿನಲ್ಲಿ ಜ್ವರ ಬಂದ ರಾತ್ರಿ ಕೊಂಕಣಿ ಅವಳನ್ನು ಬಿಟ್ಟಿರುತ್ತದೆ ಎಂದು ಹೇಳಲಾಗದು. ಆಗ ಅವಳ ಹಾಸಿಗೆಯ ಹತ್ತಿರ ಪುಟ್ಟಿ ಇರಬಹುದು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನರು 1982ರಲ್ಲಿ ಒಂದು ಕೆಲಸ ಶುರು ಮಾಡಿದರು. ಅವರ ಮಕ್ಕಳೂ ಇಂಗ್ಲಿಷಿಗೆ ಹೋಗಿಬಿಟ್ಟಿದ್ದರು. ಶಾಲೆಗೆ ಸೇರುವ ಮೊದಲಿನ ಎಳೆಯ ಮಕ್ಕಳನ್ನು ಅಜ್ಜಿ ಅಜ್ಜಂದಿರ ಜೊತೆ ಬಿಟ್ಟು, ಅಲ್ಲಿ ಮಾವೊರಿ ಭಾಷೆ ಮಾತ್ರ ಆಡಿದರು. ಅದಕ್ಕೆ ಭಾಷೆಯ ಗೂಡು ಎಂದು ಹೆಸರು. ನಮ್ಮಲ್ಲಿ ಗೂಡು ಕಟ್ಟುವ ಅಗತ್ಯವೂ ಇಲ್ಲ, ಊರೂರಿಗೆ ಅಂಗನವಾಡಿ ಇದೆ. ವಾರಕ್ಕೆ ಒಂದು ದಿನ ಅರ್ಧ ಗಂಟೆ ಕೇರಿಯ ಒಬ್ಬ ಅಜ್ಜಿ ಹೋಗಿ ತನ್ನ ಮಾತಿನಲ್ಲಿ ಕತೆ ಹೇಳಲಿ. ಕೊಂಕಣಿಯವಳು ಒಂದು ವಾರ, ಹಾಲಕ್ಕಿಯವಳು ಒಂದು ವಾರ. ಮಕ್ಕಳು ಪರಸ್ಪರರ ಮಾತು ಕೇಳಿ ಬೆಳೆದರೆ ಮುಂದೆ ನಗುವುದಾದರೂ ಕಡಿಮೆ ಆದೀತು. ಮೂಲ ಕಾಯಿಲೆ ಆ ನಗು ಎಂದು ನಮಗೆ ಅನಿಸುತ್ತದೆ.

ಮನೆಯಲ್ಲಿ ನಾವು ಮಾಡಿದ್ದು ಇನ್ನೂ ಸಣ್ಣದು. ಸಂಜೆ ದೀಪ ಹಚ್ಚಿದ ಮೇಲೆ ಊಟದವರೆಗೆ ಪುಟ್ಟಿ ಆಜಿಯ ಮಂಚದ ಹತ್ತಿರ. ನಾವಿಬ್ಬರೂ ಅಲ್ಲೇ ಕೂತು ತಪ್ಪುತಪ್ಪಾಗಿ ಕೊಂಕಣಿ ಆಡುತ್ತೇವೆ. ಆಯಿ ಒಂದು ವಾರ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಆಮೇಲೆ ನಮ್ಮ ತಪ್ಪು ತಡೆಯಲಾರದೆ ಅಲ್ಲಿಂದಲೇ ಕೂಗಿ ತಿದ್ದತೊಡಗಿದಳು. ಅಣ್ಣ ಏನೂ ಹೇಳುವುದಿಲ್ಲ, ಟಿವಿ ಸದ್ದು ಮಾತ್ರ ಸ್ವಲ್ಪ ಕಡಿಮೆ ಮಾಡುತ್ತಾನೆ. ಆಜಿಗೆ ಕನ್ನಡ ಅರ್ಧ ತಿರುಗಿ ಬಂದಿದೆ, ಅರ್ಧ ಇನ್ನೂ ಬಂದಿಲ್ಲ.

ಪುಟ್ಟಿ ಕಲಿತ ಮೊದಲ ವಾಕ್ಯ ‘ಮಾಕಾ ನಾಕಾ’. ನನಗೆ ಬೇಡ ಎಂದು. ಗುಳಿಗೆ ಕೊಡುವಾಗೆಲ್ಲ ಆಜಿ ಅದನ್ನೇ ಹೇಳುತ್ತಾಳೆ. ಈಗ ಪುಟ್ಟಿ ಪಲ್ಯಕ್ಕೂ ಹೇಳುತ್ತಾಳೆ, ಶಾಲೆಗೂ ಹೇಳುತ್ತಾಳೆ. ‘ಒಳ್ಳೆಯದನ್ನೇ ಕಲಿಸಿದಿರಿ’ ಎಂದು ವೈನಿ ಬೈದಳು.

ಕಳೆದ ವಾರ ಸಂಜೆ ಪುಟ್ಟಿ ಒಳಗಿನಿಂದ ಓಡಿ ಬಂದಳು. ‘ಆಜಿ ಪಾಯ್ ದುಕ್ತಾ ಅಂತಿದ್ದಾಳೆ’ ಎಂದಳು. ವೈನಿ ನಮ್ಮ ಮುಖ ನೋಡಿದಳು. ನಾವು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು: ‘ಅಮ್ಮ, ಕಾಲು ನೋವಂತೆ.’

ವೈನಿ ಎದ್ದು ಎಣ್ಣೆ ಬಿಸಿ ಮಾಡಲು ಒಳಗೆ ಹೋದಳು.